ಶಕಹೋಲಾ ಕಾಡಿನ ಗೋರಿಗಳು ಮತ್ತು ಆತ್ಮಗಳನ್ನು ಪರೀಕ್ಷಿಸುವ ಹೊಣೆ

ಕೀನ್ಯಾದ ಕರಾವಳಿಯ ಕಿಲಿಫಿ ಕೌಂಟಿಯಲ್ಲಿ 2025ರಲ್ಲಿ ಮತ್ತೆ ಗೋರಿಗಳನ್ನು ಅಗೆಯಬೇಕಾಯಿತು. ಕ್ವಾ ಬಿನ್ಜಾರೊ ಎಂಬ ಹಳ್ಳಿಯ ಆಸುಪಾಸಿನ ನೆಲದಿಂದ ಮೂವತ್ತಕ್ಕೂ ಹೆಚ್ಚು ಶವಗಳನ್ನು ಹೊರತೆಗೆಯಲಾಯಿತು. ಎರಡು ವರ್ಷಗಳ ಹಿಂದೆ, 2023ರ ಏಪ್ರಿಲ್‌ನಲ್ಲಿ, ಅದೇ ಕೌಂಟಿಯ ಶಕಹೋಲಾ ಕಾಡಿನಲ್ಲಿ ಇಂಥದೇ ಅಗೆತ ಶುರುವಾಗಿತ್ತು. ಅದು ಮುಗಿಯುವ ಹೊತ್ತಿಗೆ ಸಿಕ್ಕ ಶವಗಳ ಸಂಖ್ಯೆ ನಾನೂರನ್ನು ದಾಟಿತ್ತು. ಹಸಿವಿನಿಂದ ಸತ್ತರೆ ಯೇಸುವನ್ನು ಸೇರಬಹುದು ಎಂದು ಬೋಧಿಸಿದ ಆರೋಪ ಹೊತ್ತ ಪಾಸ್ಟರ್ ಪಾಲ್ ಮೆಕೆಂಜಿ ಅಂದಿನಿಂದ ಜೈಲಿನಲ್ಲಿದ್ದಾನೆ. ಹೊಸ ಸಾವುಗಳಿಗೂ ಆತನಿಗೂ ಸಂಬಂಧವಿದೆ ಎಂಬುದು ಪ್ರಾಸಿಕ್ಯೂಷನ್ ಆರೋಪ.

ಇಲ್ಲಿ ಓದುಗರಿಗೆ ಎರಡು ಗೊಂದಲಗಳು ಸಹಜ. ಕೀನ್ಯಾದ 2019ರ ಜನಗಣತಿಯ ಪ್ರಕಾರ ಆ ದೇಶದ ಸುಮಾರು ಶೇ 85ರಷ್ಟು ಜನ ಕ್ರೈಸ್ತರು. ಮನೆಮನೆಯಲ್ಲೂ ಬೈಬಲ್ ಇರುವ ನಾಡಿನಲ್ಲಿ ಬೈಬಲ್ ಹೆಸರಿನಲ್ಲೇ ಮಕ್ಕಳನ್ನು ಉಪವಾಸ ಕೆಡವಿ ಕೊಲ್ಲುವುದು ಹೇಗೆ ಸಾಧ್ಯವಾಯಿತು? ಇಷ್ಟೆಲ್ಲ ನಡೆದ ಮೇಲೆ ಚರ್ಚುಗಳಿಗೆ ಕಡಿವಾಣ ಹಾಕಲು ಸರ್ಕಾರ ಹೊರಟರೆ, ಸತ್ತವರಿಗಾಗಿ ಕಣ್ಣೀರಿಟ್ಟ ಚರ್ಚಿನ ಹಿರಿಯರೇ ಅದಕ್ಕೆ ಅಡ್ಡ ನಿಲ್ಲುವುದೇಕೆ?

ಕಾಡಿಗೆ ಹೋಗುವ ಮುನ್ನ

ಮೆಕೆಂಜಿ ಮೊದಲು ಟ್ಯಾಕ್ಸಿ ಚಾಲಕನಾಗಿದ್ದ. 2003ರಲ್ಲಿ ಮಲಿಂಡಿ ಪಟ್ಟಣದಲ್ಲಿ ಗುಡ್ ನ್ಯೂಸ್ ಇಂಟರ್‌ನ್ಯಾಷನಲ್ ಎಂಬ ಸಭೆಯನ್ನು, ಅಂದರೆ ಚರ್ಚನ್ನು, ಕಟ್ಟಿದ. ಟಿವಿ ಮತ್ತು ಯೂಟ್ಯೂಬ್ ಮೂಲಕ ಆತನ ಮಾತು ದೇಶದ ಮೂಲೆಮೂಲೆಗೆ ತಲುಪಿತು. ಆರಂಭದ ಬೋಧನೆಯಲ್ಲಿ ಕಿವಿ ನಿಮಿರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಅಂತ್ಯಕಾಲ ಹತ್ತಿರವಾಗಿದೆ, ಲೋಕ ಕೆಟ್ಟಿದೆ, ವಿಶ್ವಾಸಿಗಳು ಬೇರೆಯಾಗಿ ನಿಲ್ಲಬೇಕು ಎಂಬ ಮಾತುಗಳನ್ನು ಜಗತ್ತಿನ ಸಾವಿರಾರು ವೇದಿಕೆಗಳಲ್ಲಿ ಪ್ರತಿ ಭಾನುವಾರ ಕೇಳಬಹುದು.

ಬದಲಾವಣೆ ಮೆಲ್ಲಗೆ ಬಂತು. ಶಾಲೆಯ ಶಿಕ್ಷಣ ದೇವರಿಗೆ ವಿರುದ್ಧ ಎಂಬ ಬೋಧನೆ ಮೊದಲಾಯಿತು. ವಿಶ್ವಾಸಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಆಸ್ಪತ್ರೆ, ಔಷಧಿ, ಲಸಿಕೆ ಬೇಡವಾದವು. 2019ರಲ್ಲಿ ಸರ್ಕಾರ ಹುಡುಮಾ ನಂಬಾ ಎಂಬ ಗುರುತಿನ ಸಂಖ್ಯೆಯನ್ನು ಜಾರಿಗೆ ತರಲು ಹೊರಟಾಗ, ಅದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ 13ನೇ ಅಧ್ಯಾಯ ಹೇಳುವ ಮೃಗದ ಗುರುತು, ಅಂದರೆ ಅಂತ್ಯಕಾಲದ ದುಷ್ಟಶಕ್ತಿಯ ಮುದ್ರೆ, ಎಂದು ಮೆಕೆಂಜಿ ಸಾರಿದ. ಅದೇ ವರ್ಷ ಸಭೆಯನ್ನು ಮುಚ್ಚಿ, ಸುಮಾರು 800 ಎಕರೆಯ ಶಕಹೋಲಾ ಕಾಡಿನತ್ತ ಹೊರಟ. ಹಿಂಬಾಲಕರಲ್ಲಿ ಹಲವರು ಮನೆ, ಹೊಲ, ಕೆಲಸ ಬಿಟ್ಟು ಹಿಂದೆಯೇ ಹೋದರು. ಕಾಡಿನೊಳಗಿನ ಬಿಡಾರಗಳಿಗೆ ನಜರೇತ್, ಬೆತ್ಲೆಹೇಮ್ ಎಂಬಂಥ ಹೆಸರುಗಳಿದ್ದವು.

ಬದುಕಿ ಬಂದವರ ಹೇಳಿಕೆಗಳ ಪ್ರಕಾರ ಅಲ್ಲಿ ಸಾಯುವುದಕ್ಕೂ ಒಂದು ಸರದಿ ಇತ್ತು: ಮೊದಲು ಮಕ್ಕಳು, ಆಮೇಲೆ ಹೆಂಗಸರು, ನಂತರ ಗಂಡಸರು, ಕಟ್ಟಕಡೆಗೆ ಬೋಧಕ. ಮರಣೋತ್ತರ ಪರೀಕ್ಷೆ ನಡೆಸಿದ ಸರ್ಕಾರಿ ವೈದ್ಯರು, ಹೆಚ್ಚಿನವರ ಸಾವಿಗೆ ಹಸಿವೇ ಕಾರಣ ಎಂದರು. ಆದರೆ ಕೆಲವು ದೇಹಗಳಲ್ಲಿ, ಮಕ್ಕಳ ದೇಹಗಳಲ್ಲೂ, ಕತ್ತು ಹಿಸುಕಿದ, ಉಸಿರುಗಟ್ಟಿಸಿದ, ಹೊಡೆದ ಗುರುತುಗಳಿದ್ದವು. ಇದನ್ನು ಉಪವಾಸ ಎಂದು ಕರೆಯಲು ಕ್ರೈಸ್ತ ಪರಂಪರೆಯಲ್ಲಿ ಯಾವ ಆಧಾರವೂ ಇಲ್ಲ. ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದದ್ದು ಸಾಯುವುದಕ್ಕಲ್ಲ. ಆ ನಂತರ ಊರಿಗೆ ಮರಳಿ ಜನರ ನಡುವೆ ಕೆಲಸ ಮಾಡಿದ, ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತ, ಹಸಿದ ಐದು ಸಾವಿರ ಮಂದಿಗೆ ರೊಟ್ಟಿ ಹಂಚಿದ.

2024ರ ಆರಂಭದಲ್ಲಿ ಮೆಕೆಂಜಿ ಮತ್ತು ಸಹಚರರ ಮೇಲೆ ಭಯೋತ್ಪಾದನೆ, ನರಹತ್ಯೆ, 191 ಮಕ್ಕಳ ಕೊಲೆ ಆರೋಪಗಳನ್ನು ಹೊರಿಸಲಾಯಿತು. ಆತ ಎಲ್ಲವನ್ನೂ ಅಲ್ಲಗಳೆದಿದ್ದಾನೆ.

ಪ್ರತಿ ನಿಷೇಧಕ್ಕೂ ಒಬ್ಬ ಸಾಕ್ಷಿ ಕಡಿಮೆ

ಆತನ ನಿಷೇಧಗಳನ್ನು ಹುಚ್ಚು ಬೋಧನೆಗಳ ಸಾಲಾಗಿ ಮಾತ್ರ ನೋಡಿದರೆ ಮುಖ್ಯವಾದ ಸಂಗತಿ ತಪ್ಪಿಹೋಗುತ್ತದೆ. ಅವುಗಳ ಪರಿಣಾಮವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮಗು ಶಾಲೆಗೆ ಹೋದರೆ ಶಿಕ್ಷಕಿಯೊಬ್ಬಳು ದಿನವೂ ಅದರ ಮುಖ ನೋಡುತ್ತಾಳೆ. ವಾರದಿಂದ ವಾರಕ್ಕೆ ಅಂಗಿ ಸಡಿಲವಾಗುತ್ತಿದ್ದರೆ, ಮಧ್ಯಾಹ್ನ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರೆ, ಮನೆಯಲ್ಲಿ ಏನಾಗಿದೆ ಎಂದು ಕೇಳುತ್ತಾಳೆ. ಲಸಿಕೆಗೆ ಕರೆದೊಯ್ದರೆ ನರ್ಸ್ ತೂಕ ನೋಡುತ್ತಾಳೆ. ಗುರುತಿನ ಚೀಟಿ ಇದ್ದರೆ ಇಂಥವನೊಬ್ಬ ಇದ್ದಾನೆ ಎಂಬುದಕ್ಕೆ ಊರಿನ ಕಚೇರಿಯಲ್ಲಿ ದಾಖಲೆ ಇರುತ್ತದೆ. ಅವನು ಕಾಣೆಯಾದರೆ ಹುಡುಕಲು ಒಂದು ಹೆಸರು ಉಳಿದಿರುತ್ತದೆ. ಬಂಧುಬಳಗದ ಮನೆಗೆ ಹೋಗಿಬಂದರೆ ಅಜ್ಜಿ ಮೊಮ್ಮಗುವಿನ ಕೆನ್ನೆ ಮುಟ್ಟಿ, ಯಾಕೆ ಇಷ್ಟು ಸೊರಗಿದೆ ಎನ್ನುತ್ತಾಳೆ.

ಈ ಬಾಗಿಲುಗಳೆಲ್ಲ ದೇವರ ಹೆಸರಿನಲ್ಲಿ ಮುಚ್ಚಿದವು. ಒಂದೊಂದು ಬಾಗಿಲು ಮುಚ್ಚಿದಾಗಲೂ ಪ್ರಶ್ನೆ ಕೇಳಬಲ್ಲ ಒಬ್ಬ ಹೊರಗಿನವರು ಕಡಿಮೆಯಾದರು. ಕಾಡು ಸೇರುವಷ್ಟರಲ್ಲಿ ಆ ಕುಟುಂಬಗಳ ಪಾಲಿಗೆ ಒಬ್ಬನ ಕಂಠ ಬಿಟ್ಟು ಬೇರೆ ದನಿ ಉಳಿದಿರಲಿಲ್ಲ. ವಿದ್ಯೆಯಿಲ್ಲದವರು ಮೋಸಹೋದರು ಎಂಬ ವಿವರಣೆ ಹಲವರಿಗೆ ಸಮಾಧಾನ ಕೊಡುತ್ತದೆ, ಆದರೆ ಅದು ನಿಜವಲ್ಲ. ಕಾಡಿಗೆ ಹೋದವರಲ್ಲಿ ಓದಿದವರೂ ಸರ್ಕಾರಿ ನೌಕರಿಯಲ್ಲಿದ್ದವರೂ ಇದ್ದರು. ಸತ್ಯಾಸತ್ಯಗಳನ್ನು ತೂಗಿ ನೋಡುವ ವಿವೇಚನೆ ಮನುಷ್ಯನಿಗೆ ಒಬ್ಬನೇ ಕುಳಿತಾಗ ಬರುವುದು ಕಡಿಮೆ. ನಾಲ್ಕು ಜನರೊಡನೆ ಮಾತಾಡಿ, ಜಗಳವಾಡಿ, ಹೋಲಿಸಿ ನೋಡಿಯೇ ಅದು ಬೆಳೆಯುತ್ತದೆ. ಆ ನಾಲ್ಕು ಜನರನ್ನು ದೂರ ಮಾಡಿದರೆ ಜಾಣನೂ ಕುರುಡನಾಗುತ್ತಾನೆ.

ಇದ್ದ ಕಾನೂನು ಏನು ಮಾಡಿತು

ಮೆಕೆಂಜಿ ಪೊಲೀಸರಿಗೆ ಹೊಸಬನಲ್ಲ. ಮಕ್ಕಳನ್ನು ಶಾಲೆಯಿಂದ ಬಿಡಿಸಿ ಸಭೆಯಲ್ಲಿ ಇಟ್ಟುಕೊಂಡಿದ್ದಕ್ಕಾಗಿ 2017ರಲ್ಲೇ ಬಂಧನವಾಗಿತ್ತು; ತೀವ್ರವಾದವನ್ನು ಬೋಧಿಸಿದ ಆರೋಪವೂ ಇತ್ತು. ಆದರೆ ಆತ ಖುಲಾಸೆಯಾದ. 2023ರ ಮಾರ್ಚ್‌ನಲ್ಲಿ ಇಬ್ಬರು ಮಕ್ಕಳ ಸಾವಿಗೆ ಸಂಬಂಧಿಸಿ ಮತ್ತೆ ಬಂಧಿಸಿದರು. ಆಗ ಹತ್ತು ಸಾವಿರ ಕೀನ್ಯಾ ಶಿಲಿಂಗ್‌ಗಳ ಜಾಮೀನಿನ ಮೇಲೆ ಹೊರಬಂದ. ಅದಾಗಿ ಕೆಲವೇ ವಾರಗಳಲ್ಲಿ ಗೋರಿಗಳು ಬೆಳಕಿಗೆ ಬಂದವು. ಒಳಗಿದ್ದ ತಮ್ಮವರ ಬಗ್ಗೆ ಸಂಬಂಧಿಕರು ದೂರು ಕೊಟ್ಟಿದ್ದರು. ಅವುಗಳನ್ನು ಅಧಿಕಾರಿಗಳು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಸೆನೆಟ್‌ನ ವಿಶೇಷ ಸಮಿತಿಯೂ ದೇಶದ ಮಾನವ ಹಕ್ಕುಗಳ ಆಯೋಗವೂ ಪ್ರತ್ಯೇಕವಾಗಿ ಹೇಳಿವೆ.

ಅಂದರೆ ಮಕ್ಕಳನ್ನು ಹಸಿವಿನಲ್ಲಿ ಇಡುವುದು, ಶಾಲೆ ತಪ್ಪಿಸುವುದು, ಸತ್ತವರನ್ನು ಗುಟ್ಟಾಗಿ ಹೂಳುವುದು, ಇವೆಲ್ಲ ಆಗಲೂ ಅಪರಾಧಗಳೇ ಆಗಿದ್ದವು. ಹೊಸ ಕಾನೂನಿನ ಚರ್ಚೆಯಲ್ಲಿ ಈ ಅಂಶ ಬೇಗ ಮರೆತುಹೋಗುತ್ತದೆ.

ಕಡಿವಾಣ ಬೇಕು ಎನ್ನುವ ವಾದ

ದುರಂತದ ನಂತರ ಅಧ್ಯಕ್ಷ ವಿಲಿಯಂ ರೂಟೊ ಎರಡು ಹೆಜ್ಜೆ ಇಟ್ಟರು. ಸಾವುಗಳ ತನಿಖೆಗೆ ನ್ಯಾಯಮೂರ್ತಿ ಜೆಸ್ಸಿ ಲೆಸಿಟ್ ಅವರ ಆಯೋಗ ರಚಿಸಿದರು. ಧಾರ್ಮಿಕ ಸಂಸ್ಥೆಗಳ ಕಾನೂನು ಹೇಗಿರಬೇಕು ಎಂದು ಹೇಳಲು ರೆವರೆಂಡ್ ಮುತಾವಾ ಮುಸ್ಯಿಮಿ ನೇತೃತ್ವದ ಕಾರ್ಯಪಡೆ ರಚಿಸಿದರು. ಕಾರ್ಯಪಡೆ 2024ರ ಜುಲೈನಲ್ಲಿ ವರದಿ ಕೊಟ್ಟಿತು. ಧಾರ್ಮಿಕ ಸಂಸ್ಥೆಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ, ಬಿಡಿ ಸಭೆಗಳೆಲ್ಲ ಯಾವುದಾದರೂ ಒಕ್ಕೂಟದ ಅಡಿಯಲ್ಲಿ ಬರುವುದು ಎಂಬುವು ಆ ಚಿಂತನೆಯ ತಿರುಳು.

ಈ ಪಕ್ಷದವರ ತರ್ಕ ಸರಳ. ಕ್ಷೌರದಂಗಡಿಗೂ ಪರವಾನಗಿ ಬೇಕಾದಾಗ, ಸಾವಿರಾರು ಜನರ ಬದುಕು, ದುಡ್ಡು, ದೇಹಗಳ ಮೇಲೆ ಹಿಡಿತ ಸಾಧಿಸುವವನಿಗೆ ಏಕೆ ಬೇಡ? ಪೂರ್ವ ಆಫ್ರಿಕಾದ ರುವಾಂಡಾವನ್ನು ಇವರು ಉದಾಹರಿಸುತ್ತಾರೆ. ಅಲ್ಲಿ 2018ರಲ್ಲಿ ರಾಜಧಾನಿ ಕಿಗಾಲಿಯೊಂದರಲ್ಲೇ 700ಕ್ಕೂ ಹೆಚ್ಚು ಚರ್ಚುಗಳಿಗೆ ಬೀಗ ಬಿತ್ತು. ಕಟ್ಟಡದ ಸುರಕ್ಷತೆ, ಶೌಚಾಲಯ, ಶಬ್ದ ಮಾಲಿನ್ಯದ ನಿಯಮಗಳ ಜೊತೆಗೆ, ಸಭೆ ನಡೆಸುವವರಿಗೆ ದೇವಶಾಸ್ತ್ರದ ಪದವಿ ಇರಬೇಕು ಎಂಬ ಕಾನೂನೂ ಅದೇ ವರ್ಷ ಬಂತು. 2024ರಲ್ಲಿ ಇನ್ನೂ ಸಾವಿರಾರು ಪ್ರಾರ್ಥನಾ ಸ್ಥಳಗಳು ಮುಚ್ಚಿದವು.

ಬೇಡ ಎನ್ನುವವರ ಭಯ

ಕೀನ್ಯಾದಲ್ಲಿ ಇಂಥ ಪ್ರಯತ್ನ ಮೊದಲಿನದಲ್ಲ. 2014ರಲ್ಲಿ ಹೊಸ ಚರ್ಚುಗಳ ನೋಂದಣಿಯನ್ನೇ ತಡೆಹಿಡಿಯಲಾಗಿತ್ತು. 2016ರ ಜನವರಿಯಲ್ಲಿ ಬಂದ ಕರಡು ನಿಯಮಗಳು ಬೋಧಕರ ವಿದ್ಯಾರ್ಹತೆಯ ಮಾತೆತ್ತಿದಾಗ ಇವ್ಯಾಂಜೆಲಿಕಲ್ ಒಕ್ಕೂಟ, ಕ್ಯಾಥೊಲಿಕ್ ಧರ್ಮಾಧ್ಯಕ್ಷರು, ಮುಸ್ಲಿಂ ಸಂಘಟನೆಗಳು ಒಟ್ಟಾಗಿ ವಿರೋಧಿಸಿದವು. ಸರ್ಕಾರ ಹಿಂದೆ ಸರಿಯಿತು.

ಇವರ ವಿರೋಧವನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ತಪ್ಪು. ಕೀನ್ಯಾದ 2010ರ ಸಂವಿಧಾನ ರಾಷ್ಟ್ರಧರ್ಮ ಇರಕೂಡದು ಎನ್ನುತ್ತದೆ. 32ನೇ ವಿಧಿ ನಂಬಿಕೆಯ ಸ್ವಾತಂತ್ರ್ಯ ಕೊಡುತ್ತದೆ. ಯಾರು ಸರಿಯಾದ ಬೋಧಕ ಎಂದು ಕಚೇರಿಯೊಂದು ಮುದ್ರೆ ಒತ್ತತೊಡಗಿದರೆ, ನಾಳೆ ಆ ಮುದ್ರೆ ಆಳುವವರನ್ನು ಹೊಗಳುವ ಬೋಧಕನಿಗೆ ಸುಲಭವಾಗಿಯೂ ತೆಗಳುವವನಿಗೆ ತಡವಾಗಿಯೂ ಸಿಗಬಹುದು. ಮರದ ಕೆಳಗೆ ಕೂಡುವ ಬಡವರ ಸಭೆಗೆ ಪದವೀಧರ ಪಾಸ್ಟರನನ್ನು ಸಾಕುವ ಶಕ್ತಿ ಇರುವುದಿಲ್ಲ. ಯೇಸುವಿನ ಶಿಷ್ಯರಲ್ಲಿ ಹಲವರು ಬಲೆ ಬೀಸುವ ಬೆಸ್ತರು. ಇಂಥ ನಿಯಮಗಳ ಅಡಿ ಅವರಿಗೂ ಪರವಾನಗಿ ಸಿಗುತ್ತಿರಲಿಲ್ಲ ಎಂಬ ಮಾತಿನಲ್ಲಿ ನಿಜವಾದ ಅಳಲಿದೆ.

ಪದವಿಯೂ ಇತ್ತು, ನೋಂದಣಿಯೂ ಇತ್ತು

ಇದಕ್ಕಿಂತ ಬಲವಾದ ಆಕ್ಷೇಪವೊಂದು ಪಕ್ಕದ ಉಗಾಂಡಾದ ಇತಿಹಾಸದಲ್ಲಿದೆ. 2000ದ ಮಾರ್ಚ್ 17ರಂದು ಆ ದೇಶದ ಕನುಂಗು ಎಂಬಲ್ಲಿ ದಶಾಜ್ಞೆಗಳ ಪುನಃಸ್ಥಾಪನಾ ಪಂಥದ ಪ್ರಾರ್ಥನಾ ಮಂದಿರ ಹೊತ್ತಿ ಉರಿಯಿತು. ಕಿಟಕಿ ಬಾಗಿಲುಗಳನ್ನು ಬಂದ್ ಮಾಡಲಾಗಿತ್ತು. ಒಳಗಿದ್ದ ನೂರಾರು ಜನ ಸುಟ್ಟುಹೋದರು. ಪಂಥದ ಬೇರೆ ಮನೆಗಳ ನೆಲದಡಿಯಲ್ಲಿ ಇನ್ನೂ ನೂರಾರು ಶವಗಳು ಸಿಕ್ಕವು. ಆ ಪಂಥ ಸರ್ಕಾರದಲ್ಲಿ ವಿಧಿವತ್ತಾಗಿ ನೋಂದಣಿಯಾದ ಸಂಸ್ಥೆ. ಅದರ ನಾಯಕರಲ್ಲೊಬ್ಬರಾದ ಡೊಮಿನಿಕ್ ಕಟರಿಬಾಬೊ ದೀಕ್ಷೆ ಪಡೆದ ಕ್ಯಾಥೊಲಿಕ್ ಗುರುವಾಗಿದ್ದವರು, ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ ಒಂಬೈನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣನಾದ ಜಿಮ್ ಜೋನ್ಸ್ ಕೂಡ ಅಮೆರಿಕದ ಹಳೆಯ, ಪ್ರತಿಷ್ಠಿತ ಪ್ರಾಟೆಸ್ಟಂಟ್ ಪಂಗಡವೊಂದರಿಂದ ದೀಕ್ಷೆ ಪಡೆದವನೇ.

ಸರ್ಟಿಫಿಕೇಟು ತೋಳವನ್ನು ತಡೆಯುವುದಿಲ್ಲ. ಕೆಲವೊಮ್ಮೆ ಅದೇ ಕುರಿಯ ತೊಗಲಾಗುತ್ತದೆ, ಏಕೆಂದರೆ ಸರ್ಕಾರವೇ ಒಪ್ಪಿದೆ ಎಂದು ಜನ ನಿರಾಳರಾಗುತ್ತಾರೆ. ನೋಂದಣಿಯಿಂದ ಆಗುವ ಉಪಯೋಗ ಹಣದ ಲೆಕ್ಕದಲ್ಲಿ, ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದರಲ್ಲಿ, ದೂರು ಕೊಡಲು ಒಂದು ವಿಳಾಸವಿರುವುದರಲ್ಲಿ. ಅಷ್ಟು ಬೇಕು. ಬೋಧನೆ ಸತ್ಯವೋ ಸುಳ್ಳೋ ಎಂದು ಅದು ಹೇಳಲಾರದು.

ಸಲ್ಲೇಖನದ ನಾಡಿನಿಂದ ನೋಡಿದಾಗ

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಅನ್ನಪಾನ ತ್ಯಜಿಸಿ ದೇಹ ಬಿಟ್ಟವರ ಶಾಸನಗಳನ್ನು ಕಂಡು ಕೈಮುಗಿಯುವ ನಾವು ಶಕಹೋಲಾವನ್ನು ಯಾವ ನ್ಯಾಯದಿಂದ ಖಂಡಿಸುವುದು?

ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಿತು; ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆ ವಾದ ಏನೇ ಇರಲಿ, ಎರಡರ ನಡುವಿನ ಅಂತರ ಸ್ಪಷ್ಟವಾಗಿದೆ. ಸಲ್ಲೇಖನ ವ್ರತವನ್ನು ಬಾಳಿನ ಕೊನೆಯಲ್ಲಿ, ಮುಪ್ಪು ಅಥವಾ ವಾಸಿಯಾಗದ ರೋಗ ಬಂದಾಗ, ತಾನಾಗಿ ಕೇಳಿ, ಗುರುವಿನ ಅನುಮತಿ ಪಡೆದು, ಎಲ್ಲರ ಕಣ್ಣೆದುರು ಕೈಗೊಳ್ಳುತ್ತಾರೆ. ಅದು ಮಕ್ಕಳಿಗೆ ಹೇಳಿದ ವ್ರತವಲ್ಲ. ಶಕಹೋಲಾದಲ್ಲಿ ಮೊದಲ ಸರದಿಯೇ ಮಕ್ಕಳದು, ಹೊರಡಲು ಬಯಸಿದವರಿಗೆ ಕಾವಲುಗಾರರು ಅಡ್ಡ ಇದ್ದರು, ಎಲ್ಲವೂ ಗುಟ್ಟು. ಒಂದು ಬೋಧನೆ ನಮಗೆ ವಿಚಿತ್ರವಾಗಿ ಕಾಣುವುದಷ್ಟೇ ಅದನ್ನು ಅಪರಾಧ ಮಾಡುವುದಿಲ್ಲ. ಬಲವಂತ, ಮಕ್ಕಳಿಗೆ ಹಾನಿ, ಮುಚ್ಚಿಡುವಿಕೆ ಇವು ಅಪರಾಧ ಮಾಡುತ್ತವೆ.

ಈ ಗೆರೆ ಎಳೆಯುವುದು ಎಷ್ಟು ಕಷ್ಟ ಎಂಬುದು ಉಡುಪಿಯ ಶಿರೂರು ಮಠದ ಮೊಕದ್ದಮೆಯಿಂದ ನಮಗೆ ಗೊತ್ತು. 1954ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಧರ್ಮವೊಂದರ ಅವಶ್ಯ ಭಾಗ ಯಾವುದು ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದಿತು. ಮುಂದಿನ ದಶಕಗಳಲ್ಲಿ ಯಾವುದು ಅವಶ್ಯ ಎಂದು ನ್ಯಾಯಾಲಯಗಳೇ ತೂಗಿ ಹೇಳುವ ಸ್ಥಿತಿ ಬಂತು. ಆ ಇಕ್ಕಟ್ಟು ಇಂದಿಗೂ ಬಿಟ್ಟಿಲ್ಲ. ದಕ್ಷಿಣ ಆಫ್ರಿಕಾದ ಒಂದು ಪ್ರಕರಣದಲ್ಲಿ ನ್ಯಾಯಾಲಯ ಸರಿದಾರಿ ಹಿಡಿಯಿತು. ಕೀಟನಾಶಕವನ್ನು ಭಕ್ತರ ಮುಖಕ್ಕೆ ಸಿಂಪಡಿಸಿ ರೋಗ ವಾಸಿ ಮಾಡುತ್ತೇನೆಂದ ಬೋಧಕನೊಬ್ಬ 2018ರಲ್ಲಿ ಹಲ್ಲೆಯ ಅಪರಾಧಿಯಾದ. ಅವನ ದೇವಶಾಸ್ತ್ರವನ್ನು ತೂಗುವ ಅಗತ್ಯ ನ್ಯಾಯಾಲಯಕ್ಕೆ ಬೀಳಲಿಲ್ಲ. ಮುಖದ ಮೇಲೆ ವಿಷ ಬಿದ್ದಿತ್ತು, ಅಷ್ಟು ಸಾಕಾಯಿತು.

ಗ್ರಂಥದೊಳಗೇ ಇರುವ ಒರೆಗಲ್ಲು

ಹಾಗಾದರೆ ಬೋಧನೆಯನ್ನು ತೂಗುವವರು ಯಾರು? ವಿಶ್ವಾಸಿಗಳೇ. ಇದು ಹೊರಗಿನವರು ಹೇರುವ ಹೊರೆಯಲ್ಲ. ಸತ್ಯವೇದವೇ, ಅಂದರೆ ಬೈಬಲೇ, ಅವರಿಗೆ ಒಪ್ಪಿಸಿದ ಕೆಲಸ. ಎಲ್ಲ ಆತ್ಮಗಳನ್ನೂ ನಂಬದೆ ಅವು ದೇವರಿಂದ ಬಂದವೋ ಎಂದು ಪರೀಕ್ಷಿಸಿರಿ ಎಂಬುದು ಯೋಹಾನನ ಮೊದಲ ಪತ್ರಿಕೆಯ ಮಾತು. ಬೆರೋಯ ಊರಿನವರು ಅಪೊಸ್ತಲ ಪೌಲನ ಬೋಧನೆಯನ್ನೂ ದಿನದಿನವೂ ಶಾಸ್ತ್ರದೊಡನೆ ತಾಳೆ ನೋಡಿದರು. ಅಪೊಸ್ತಲರ ಕೃತ್ಯಗಳ ಗ್ರಂಥ ಅದಕ್ಕಾಗಿ ಅವರನ್ನು ಹೊಗಳುತ್ತದೆ.

ಅದ್ಭುತ ನಡೆದರೆ ಬೋಧಕ ನಿಜ ಎಂಬ ಎಣಿಕೆ ನಮ್ಮ ಸ್ವಸ್ಥತಾ ಕೂಟಗಳಲ್ಲೂ ಬಲವಾಗಿದೆ. ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಈ ಎಣಿಕೆಯನ್ನು ಬುಡದಲ್ಲೇ ಕಡಿಯುತ್ತದೆ: ಪ್ರವಾದಿ ಹೇಳಿದ ಸೂಚಕಕಾರ್ಯ ನಡೆದರೂ ಅವನು ಬೇರೆ ದೇವರ ಕಡೆ ಸೆಳೆದರೆ ಅವನ ಮಾತು ಕೇಳಬಾರದು. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಕುರಿಯ ವೇಷದ ತೋಳಗಳ ಬಗ್ಗೆ ಎಚ್ಚರಿಸಿ, ಅವರನ್ನು ಅವರ ಫಲಗಳಿಂದ ಗುರುತಿಸಿರಿ ಎಂದ. ನಿನ್ನ ಹೆಸರಿನಲ್ಲಿ ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು ಎಂದು ಬರುವವರಿಗೂ ನಿಮ್ಮ ಗುರುತೇ ನನಗಿಲ್ಲ ಎನ್ನುವೆನು ಎಂಬ ಕಟು ಮಾತು ಅಲ್ಲೇ ಮುಂದಿನ ಸಾಲುಗಳಲ್ಲಿದೆ.

ಫಲ ಎಂದರೆ ಏನೆಂದು ಆದಿ ಸಭೆ ತೀರ ಮನೆವಾರ್ತೆಯ ಮಟ್ಟಕ್ಕೆ ಇಳಿಸಿ ಬರೆದಿಟ್ಟಿತ್ತು. ದಿದಖೆ ಎಂಬ ಪುಟ್ಟ ಗ್ರಂಥವನ್ನು ವಿದ್ವಾಂಸರು ಸುಮಾರು ಒಂದನೆಯ ಶತಮಾನದ ಕೊನೆಯದೆಂದು ಎಣಿಸುತ್ತಾರೆ. ಅದರ ಪ್ರತಿಯನ್ನು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಭಂಡಾರದಲ್ಲಿ ಗ್ರೀಕ್ ಧರ್ಮಾಧ್ಯಕ್ಷ ಫಿಲೊಥಿಯೊಸ್ ಬ್ರಿಯೆನ್ನಿಯೊಸ್ ಕಂಡರು. ಅದರ 11ನೇ ಅಧ್ಯಾಯ ಹೇಳುವುದು ಹೀಗೆ: ಊರೂರು ತಿರುಗುವ ಬೋಧಕ ಮನೆಗೆ ಬಂದರೆ ಆದರಿಸಿರಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣ ಮುಟ್ಟುವಷ್ಟು ರೊಟ್ಟಿ ಮಾತ್ರ ಕೊಡಿ. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟ ಬಡಿಸಲು ಹೇಳಿ ತಾನೇ ಅದನ್ನು ಉಂಡರೆ ಅವನೂ ಸುಳ್ಳು. ಬೋಧಿಸಿದ್ದನ್ನು ತಾನು ನಡೆಸದಿದ್ದರೆ ಅವನೂ. ಓದುಬರಹ ಬಾರದ ಗೃಹಿಣಿಯೂ ಬಳಸಬಹುದಾದ ಅಳತೆಗೋಲು ಇದು. ತಾನು ಕಟ್ಟಕಡೆಗೆ ಉಪವಾಸ ಮಾಡುವೆ ಎಂದ ಬೋಧಕನನ್ನು ಇದರ ಮೇಲೆ ಇಟ್ಟು ನೋಡಿ.

ಇಷ್ಟೆಲ್ಲ ಇದ್ದೂ ಪರೀಕ್ಷೆ ನಡೆಯದಿರಲು ಒಂದು ವಾಕ್ಯ ಬಹಳ ಮಟ್ಟಿಗೆ ಕಾರಣ. ನನ್ನ ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬೇಡಿರಿ ಎಂಬ 105ನೇ ಕೀರ್ತನೆಯ ಮಾತನ್ನು, ಪಾಸ್ಟರನ್ನು ಪ್ರಶ್ನಿಸಬಾರದು ಎಂಬ ಅರ್ಥದಲ್ಲಿ ಕೀನ್ಯಾದಲ್ಲಿ ಬಳಸುವಂತೆಯೇ ಕರ್ನಾಟಕದ ಎಷ್ಟೋ ಸಭೆಗಳಲ್ಲೂ ಬಳಸುತ್ತಾರೆ. ಮೂಲದಲ್ಲಿ ಆ ಮಾತು, ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮನಂಥ ಮೂಲಪಿತೃಗಳಿಗೆ ಹಾನಿ ಮಾಡಬೇಡಿ ಎಂದು ಅರಸರಿಗೆ ಕೊಟ್ಟ ಎಚ್ಚರಿಕೆ. ಬಲಹೀನರನ್ನು ಕಾಯಲು ಬಂದ ವಾಕ್ಯ ಬಲಿಷ್ಠನ ಗುರಾಣಿಯಾಗಿರುವುದು ನೋವಿನ ಸಂಗತಿ. ಅಭಿಷಿಕ್ತನಾದ ಅರಸ ದಾವೀದನ ಮುಖಕ್ಕೇ ಪ್ರವಾದಿ ನಾತಾನನು, ತಪ್ಪು ಮಾಡಿದ ಆ ಮನುಷ್ಯನು ನೀನೇ ಎಂದ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರು ತಪ್ಪು ಹಿಡಿದ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಎಂಬ ನಿಯಮವೇ ಇದೆ. ಆ ಉಳಿದವರನ್ನು ಇಲ್ಲವಾಗಿಸಿದ್ದೇ ಶಕಹೋಲಾ.

ಪರೀಕ್ಷೆಯ ಹೆಸರಿನಲ್ಲಿ ಎಲ್ಲರನ್ನೂ ಸಂಶಯದಿಂದ ನೋಡುವ ಚಟವೂ ಬೆಳೆಯಬಹುದು. ತಮ್ಮ ಪಂಗಡದವರಲ್ಲದವರೆಲ್ಲ ಸುಳ್ಳು ಪ್ರವಾದಿಗಳು ಎಂದು ಸಾರುವ ಯೂಟ್ಯೂಬ್ ವಾಹಿನಿಗಳಿಗೆ ಈಗ ಕೊರತೆಯಿಲ್ಲ. ಪ್ರವಾದನೆಗಳನ್ನು ಹೀನೈಸಬೇಡಿರಿ, ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದು ಥೆಸಲೋನಿಕದವರಿಗೆ ಪೌಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅದಕ್ಕೇ ಇರಬೇಕು.

ಮುಂದೆ ಏನಾಗಬಹುದು

ಕೀನ್ಯಾದಲ್ಲಿ ಕಠಿಣ ಕಾನೂನು ಬಂದರೆ ಕಟ್ಟಡ, ಫಲಕ, ಬ್ಯಾಂಕ್ ಖಾತೆ ಇರುವ ಸಭೆಗಳು ಮೊದಲು ಅದರ ಬಿಗಿ ಅನುಭವಿಸುತ್ತವೆ. ಮೆಕೆಂಜಿಯಂಥವರು ಫಲಕ ಇಳಿಸಿ ಕಾಡಿಗೋ ವಾಟ್ಸ್‌ಆ್ಯಪ್ ಗುಂಪಿಗೋ ಹೋಗುತ್ತಾರೆ. 2019ರಲ್ಲಿ ಸಭೆ ಮುಚ್ಚಿದ ಮೇಲೇ ಸಾವುಗಳಾದದ್ದು. ಏನೂ ಮಾಡದೆ ಬಿಟ್ಟರೆ ಇನ್ನೊಂದು ಕ್ವಾ ಬಿನ್ಜಾರೊ ಕಾದಿರುತ್ತದೆ. ಹೆಚ್ಚು ಫಲ ಕೊಡಬಹುದಾದದ್ದು ಇವೆರಡಕ್ಕಿಂತ ಸಣ್ಣ ಕೆಲಸ: ಶಾಲೆ ಬಿಟ್ಟ ಮಗುವಿನ ಮನೆಗೆ ಯಾರಾದರೂ ಹೋಗಿ ನೋಡುವುದು, ನನ್ನ ತಂಗಿ ಕಾಡಿಗೆ ಹೋದವಳು ಫೋನ್ ಎತ್ತುತ್ತಿಲ್ಲ ಎಂದು ಠಾಣೆಗೆ ಬಂದವನ ದೂರನ್ನು ಬರೆದುಕೊಳ್ಳುವುದು, ನೆರೆಯ ಸಭೆಯ ಹಿರಿಯರು ತಪ್ಪು ಬೋಧನೆಯನ್ನು ಹೆಸರು ಹೇಳಿ ಖಂಡಿಸುವುದು.

2024ರ ಮಾರ್ಚ್‌ನಲ್ಲಿ, ಅಗೆತ ಆರಂಭವಾಗಿ ಸುಮಾರು ಒಂದು ವರ್ಷವಾದ ಮೇಲೆ, ಮಲಿಂಡಿಯ ಶವಾಗಾರದಿಂದ ಮೊದಲ ದೇಹಗಳನ್ನು ಮನೆಯವರಿಗೆ ಒಪ್ಪಿಸಿದರು. ಅಷ್ಟರವರೆಗೆ ಗುರುತು ಸಿಕ್ಕಿದ್ದು 34 ಮಂದಿಯದು ಮಾತ್ರ. ಡಿಎನ್‌ಎ ತಾಳೆ ನೋಡಬೇಕಾದರೆ ಹೊರಗಿರುವ ಯಾರಾದರೂ ರಕ್ತಸಂಬಂಧಿ ಬಂದು ಮಾದರಿ ಕೊಡಬೇಕು. ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕಾಡಿಗೆ ಹೋಗಿ ಒಟ್ಟಿಗೆ ಮಣ್ಣಾದ ಮನೆಗಳಲ್ಲಿ, ಹಾಗೆ ಬರಲು ಯಾರೂ ಉಳಿದಿರಲಿಲ್ಲ.